ಷಡ್ಡಕನ ಬೇಸ್ ಕಂಠ

ನನ್ನ ಷಡ್ಡಕನಿಗೆ ಒಂದೇ ಒಂದು ಹಾಡೂ ಬರುವುದಿಲ್ಲ. ಬೇಕಾದರೆ ಬಾಜಿ ಕಟ್ಟುತ್ತೇನೆ. ಹೀಗಂದರೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಚರ್ಚಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ, ಗೊತ್ತು. "ಅಷ್ಟು ದೊಡ್ಡ ಗಾಯಕರಿಗೆ ಹಾಡು ಬರಲ್ಲ ಅಂತೀರಲ್ಲ ಮೇಷ್ಟ್ರೇ, ನಿಮಗೆ ಹೊಟ್ಟೆಕಿಚ್ಚು!" ಅನ್ನುತ್ತಾರೆ. ಹೌದು ಸ್ವಾಮಿ, ಹೊಟ್ಟೆಕಿಚ್ಚೇ! ಯಾರು ಇಲ್ಲ ಅಂದವರು? ಆದರೆ ಹೊಟ್ಟೆಕಿಚ್ಚಿನವನು ಹೇಳಿದ ಅಂದ ಮಾತ್ರಕ್ಕೆ ನಿಜ ಸುಳ್ಳಾಗಿಬಿಡುತ್ತದೆಯೇ?

ನಮ್ಮ ಚರ್ಚಿನ ಕ್ವಯರ್ ಕೇಳದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹೈಸ್ಕೂಲ್ ಮೇಷ್ಟ್ರು, ಬಿಡಿಸಿ ಹೇಳದೆ ಇದ್ದರೆ ಉಂಡದ್ದು ಅರಗುವುದಿಲ್ಲ. ಭಾನುವಾರದ ಆರಾಧನೆಯಲ್ಲಿ ನಾವು ಒಂದಷ್ಟು ಜನ ಮುಂದೆ ನಿಂತು ಹಾಡುತ್ತೇವೆ. ಹಾಡಿನ ರಾಗ ಇರುತ್ತಲ್ಲ, ನೀವು ಮನೆಗೆ ಹೋಗಿ ಗುನುಗುವಂಥದ್ದು, ಅದನ್ನು ಹಾಡುವುದು ಹೆಂಗಸರು ಮತ್ತು ನನ್ನಂಥ ಸಣ್ಣ ಗಂಟಲಿನ ಗಂಡಸರು. ಬೇಸ್ ಅನ್ನುವವನು ರಾಗಕ್ಕೆ ಕೈ ಹಚ್ಚುವುದೇ ಇಲ್ಲ. ಅವನು ಎಲ್ಲರಿಗಿಂತ ಕೆಳಗೆ ನಿಂತು, ರಾಗ ಎಲ್ಲಿಗೆ ಹೋದರೂ ಅದರ ಕಾಲಬುಡದಲ್ಲಿ "ಹೂಂ... ಹೂಂ... ಹೂಂ..." ಅಂತಿರುತ್ತಾನೆ. ಮನೆಗೆ ಪಾಯ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಪಾಯ ನೋಡಿ ಯಾರಾದರೂ "ಆಹಾ, ಏನ್ ಮನೆ!" ಅಂತಾರೆಯೇ? ನನ್ನ ಷಡ್ಡಕನ ವಿಷಯದಲ್ಲಿ ಮಾತ್ರ ಅಂತಾರೆ!

ಹೆಸರು ಹೇಳುವುದಿಲ್ಲ. ಹೇಳಿದರೆ ಅದೂ ಅವನಿಗೇ ಪ್ರಚಾರ. ನನ್ನ ಹೆಂಡತಿಯ ಅಕ್ಕನ ಗಂಡ ಅಂದರೆ ಸಾಕು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಹಾಗಾಗಿ ಎದುರಿಗೆ "ಬನ್ನಿ ಅಣ್ಣ, ಕೂತ್ಕೊಳ್ಳಿ ಅಣ್ಣ." ಇಲ್ಲಿ ಕಾಗದದ ಮೇಲೆ ಮಾತ್ರ 'ಅವನು', 'ಇವನು'. ಅಷ್ಟಾದರೂ ಸೇಡು ಬೇಡವೇ ನನಗೆ?

ಅವನ ಊರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ. ಎಲ್ಲ ಹುಡುಗರಿಗೂ ಒಂದು ವಯಸ್ಸಿನಲ್ಲಿ ಗಂಟಲು ಒಡೆಯುತ್ತದೆ. ಇವನಿಗೆ ಒಡೆಯಲಿಲ್ಲ, ಕುಸಿಯಿತು! ಶನಿವಾರ ಮಲಗಿದಾಗ ಹುಡುಗನ ದನಿ, ಭಾನುವಾರ ಎದ್ದಾಗ ಅವರ ತಾತನ ದನಿ. ಅವರಮ್ಮ ಶೀತ ಅಂದುಕೊಂಡು ತಿಂಗಳುಗಟ್ಟಲೆ ಮೆಣಸಿನ ಕಷಾಯ ಕುಡಿಸಿದರಂತೆ. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಇವನು "ಪ್ರೆಸೆಂಟ್ ಸಾರ್" ಅಂದ. ಮೇಷ್ಟ್ರು ತಲೆ ಎತ್ತದೆಯೇ "ಪೋಷಕರು ಯಾರೇ ಆದ್ರೂ ದಯವಿಟ್ಟು ಹೊರಗಡೆ ಇರಿ, ಆಮೇಲೆ ಮಾತಾಡೋಣ" ಅಂದರಂತೆ. ಇದನ್ನು ಅವನೇ ಹೇಳಿಕೊಂಡು ನಗುತ್ತಾನೆ. ಅವನು ನಕ್ಕರೆ ಮೊದಲು ನಮ್ಮ ಶೋಕೇಸಿನ ಗಾಜು ನಗುತ್ತೆ, ಆಮೇಲೆ ನಾವು.

ಅಂಥ ದನಿ ಸಿಕ್ಕ ಮೇಲೆ ಗುಬ್ಬಿ ಚರ್ಚಿನವರು ಬಿಡುತ್ತಾರೆಯೇ? ಎಳಕೊಂಡು ಹೋಗಿ ಬೇಸಿಗೆ ನಿಲ್ಲಿಸಿದರು. ಅವತ್ತಿಂದ ಇವತ್ತಿನವರೆಗೆ ಅವನು ಹಾಡಿರುವುದೆಲ್ಲ ಬೇಸೇ. ನೂರಾರು ಹಾಡಿನ ಬೇಸ್ ಬಾಯಿಪಾಠ, ಒಂದರ ರಾಗವೂ ಗೊತ್ತಿಲ್ಲ. ಅವನ ಮದುವೆಯಲ್ಲಿ ಹಾಡಿದ ಹಾಡು ಯಾವುದು ಅಂತ ಕೇಳಿ ನೋಡಿ, "ಹೂಂ ಹೂಂ ಹೂಂ, ಹೂಂಹೂಂ" ಅನ್ನುತ್ತಾನೆ. ಎಲ್ಲವೂ ಅದೇ! ನಾನು ಮೊದಲೇ ಹೇಳಲಿಲ್ಲವೇ, ಹಾಡು ಬರುವುದಿಲ್ಲ ಅಂತ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ನಮ್ಮತ್ತೆ. ಕುಣಿಗಲ್‌ನಲ್ಲಿ ನನ್ನ ಭಾಮೈದನ ಜೊತೆ ಇದ್ದಾರೆ, ಅವನದು ಬೇಕರಿ. ಅತ್ತೆ ಬಹಳ ದೈವಭಕ್ತೆ, ಸುಳ್ಳು ಆಡುವವರಲ್ಲ. ಹಾಡು ಅಂದರೆ ಪ್ರಾಣ. ನಾನು ಈ ಮನೆಯ ಅಳಿಯನಾದಾಗಿನಿಂದ ನನಗಿರುವುದು ಒಂದೇ ಆಸೆ. ಅತ್ತೆ ಒಂದೇ ಒಂದು ಸಲ, ನನ್ನ ಮುಖ ನೋಡಿ "ಚೆನ್ನಾಗಿ ಹಾಡಿದ್ರಿ ಅಳಿಯಂದ್ರೇ" ಅನ್ನಬೇಕು. ಅಷ್ಟೆ. ವಾಚು ಕೇಳಲಿಲ್ಲ, ಉಂಗುರ ಕೇಳಲಿಲ್ಲ. ಅವರು ಅನ್ನಲಿಲ್ಲ. ದೊಡ್ಡ ಅಳಿಯನಿಗಾದರೆ ಅವನು ಕೆಮ್ಮಿದರೂ ಕಣ್ಣಲ್ಲಿ ನೀರು!

ಹೆಣ್ಣು ನೋಡುವ ಶಾಸ್ತ್ರದಲ್ಲೇ ಈ ಅನ್ಯಾಯ ಶುರುವಾಯಿತು. ಅವನು ಮೊದಲು ಬಂದವನು. ಒಂದು ಮಾತಾಡಲಿಲ್ಲವಂತೆ. ಕೊನೆಗೆ ಮಾವನವರು "ಏನಪ್ಪಾ, ಹುಡುಗಿ ಒಪ್ಪಿಗೆನಾ?" ಅಂದದ್ದಕ್ಕೆ "ಹೂಂ" ಅಂದ. ಅಡುಗೆಮನೆಯಲ್ಲಿ ತಟ್ಟೆ ಝಣ್ ಅಂದಿತಂತೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿ ಬಂದು "ಇದೇ ಸಂಬಂಧ" ಅಂದರು. ನಾನು ಆಮೇಲೆ ಬಂದೆ. ನಾನು ಹಾಡುಗಾರ ಅಂತ ತಿಳಿಸಿಯೇ ಬಂದಿದ್ದೆ. ಎದ್ದು ನಿಂತು, ಕಣ್ಣು ಮುಚ್ಚಿ, ಮೂರು ಚರಣದ ಕೀರ್ತನೆ ಪೂರ್ತಿ ಹಾಡಿದೆ. ಕಣ್ಣು ಬಿಟ್ಟೆ. ಅತ್ತೆ ನನ್ನನ್ನೇ ನೋಡುತ್ತಿದ್ದಾರೆ, ಮುಖದಲ್ಲಿ ಎಂಥ ನಗು! ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ.

"ಕಾಫಿಗೆ ಸಕ್ಕರೆ ಸಾಕಾ?" ಅಂದರು.

ಹೋಗಲಿ ಬಿಡಿ, ಮದುವೆಯಂತೂ ಆಯಿತು. ನಾವಿಬ್ಬರೂ ತುಮಕೂರಿನಲ್ಲೇ ಮನೆ ಮಾಡಿದೆವು, ನಾನು ಕ್ಯಾತ್ಸಂದ್ರದಲ್ಲಿ, ಅವನು ಊರೊಳಗೆ. ಒಂದೇ ಚರ್ಚು, ಒಂದೇ ಕ್ವಯರ್, ಅಕ್ಕಪಕ್ಕದಲ್ಲೇ ನಿಲ್ಲುವುದು. ಅವನಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ. ಅಲ್ಲಿ ಮೆಷಿನ್ ಸದ್ದಿಗೆ ಉಳಿದ ಸೂಪರ್‌ವೈಸರ್‌ಗಳೆಲ್ಲ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡರೆ ಇವನು ನಿಂತಲ್ಲೇ ಮೆಲ್ಲಗೆ "ಆ ಕಡೆ ಬಾರಪ್ಪ" ಅಂದರೆ ಸಾಕು, ಮೂಲೆಯವನಿಗೂ ಕೇಳುತ್ತಂತೆ. ಮೇಲೆಲ್ಲ ಸದ್ದಿದ್ದರೂ ಇವನ ಮಾತು ನೆಲದ ಮೇಲೆ ತೆವಳಿಕೊಂಡು ಬಂದು ಮುಟ್ಟುತ್ತೆ. ನನ್ನ ಕ್ಲಾಸಿನಲ್ಲಿ ನಾನು ಡೆಸ್ಕು ಕುಟ್ಟಿ ಕುಟ್ಟಿ ಕೈ ಊದಿಸಿಕೊಂಡಿದ್ದೇನೆ. ಹಿಂದಿನ ಬೆಂಚಿಗೆ ಇನ್ನೂ ನನ್ನ ಮಾತು ಮುಟ್ಟಿಲ್ಲ.

ಆ ಗಂಟಲಿಗೆ ಅವನು ಮಾಡುವ ಆರೈಕೆ ಬಾಣಂತಿಗೂ ಯಾರೂ ಮಾಡುವುದಿಲ್ಲ! ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಫ್ಲರ್. ಮೊಸರು ಮುಟ್ಟುವುದಿಲ್ಲ. ಭಾನುವಾರ ಬೆಳಗ್ಗೆ ಎದ್ದಾಗ ದನಿ ಎಲ್ಲಕ್ಕಿಂತ ಕೆಳಗಿರುತ್ತಂತೆ, ಅದನ್ನು ಖರ್ಚು ಮಾಡಬಾರದು ಅಂತ ಆರಾಧನೆ ಮುಗಿಯುವವರೆಗೆ ಮಾತೇ ಇಲ್ಲ, ಬರೀ ಕೈಸನ್ನೆ. ಹಿಂದಿನ ಮನೆಯ ಸಾಬರು ಹೊಸದಾಗಿ ಬಾಡಿಗೆಗೆ ಬಂದವರು. ಒಂದು ದಿನ ಇವನು ಬಚ್ಚಲಲ್ಲಿ ಬೇಸ್ ಪ್ರಾಕ್ಟೀಸ್ ಮಾಡುತ್ತಿದ್ದಾಗ ಬಾಗಿಲು ಬಡಿದರು.

"ಅಕ್ಕ, ನಿಮ್ಮ ಮೋಟರ್ ಆನ್ ಆಗೇ ಇದೆ ನೋಡಿ, ಎಷ್ಟೊತ್ತಿಂದ ಓಡ್ತಾ ಇದೆ. ನೀರಿಲ್ದೆ ಓಡಿದ್ರೆ ಸುಟ್ಟೋಗುತ್ತೆ."

ನನ್ನ ಹೆಂಡತಿಯ ಅಕ್ಕ ಏನು ಅಂದಳು ಗೊತ್ತೇ? "ಸ್ನಾನ ಮುಗಿದ ತಕ್ಷಣ ಆಫ್ ಆಗುತ್ತೆ ಬಿಡಿ ಭಾಯ್."

ಅವನ ಇನ್ನೊಂದು ಹುಚ್ಚು ಬಸ್ಸಿನದು. ಬಸ್ಸು ನಿಂತಲ್ಲೇ ಗುರ್ ಅಂತಿರುತ್ತಲ್ಲ, ಆ ಸದ್ದಿಗೆ ತನ್ನ ದನಿ ಸೇರಿಸಿ ನೋಡುತ್ತಾನೆ. ಸೇರಿದರೆ ಹತ್ತುತ್ತಾನೆ, ಸೇರದಿದ್ದರೆ ಇಲ್ಲ! ಗುಬ್ಬಿಯಲ್ಲಿ ಅವರ ಕಡೆಯವರ ಮದುವೆ, ನಾವು ಕ್ವಯರಿನವರು ಆರತಕ್ಷತೆಯಲ್ಲಿ ಹಾಡಬೇಕಿತ್ತು. ಉಳಿದವರು ಮುಂಚೆಯೇ ಹೋಗಿದ್ದರು. ನಾವಿಬ್ಬರು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ. ಗುಬ್ಬಿ ಬಸ್ಸು ಬಂತು, ಖಾಲಿ ಸೀಟು. ಇವನು ಬಾಗಿಲ ಹತ್ತಿರ ನಿಂತು "ಹೂಂ..." ಅಂದು ತಲೆ ಆಡಿಸಿದ.

"ಬೇಡ ಮೇಷ್ಟ್ರೇ. ಈ ಗಾಡಿ ನನಗಿಂತ ಸ್ವಲ್ಪ ಮೇಲಿದೆ."

"ಸೀಟಿದೆಯಲ್ಲ ಅಣ್ಣ!"

"ಸೀಟಿದ್ರೆ ಏನ್ ಬಂತು? ಗುಬ್ಬಿವರೆಗೂ ಅದರ ಜೊತೆ ಜಗಳ ಆಡ್ಕೊಂಡು ಹೋಗಕ್ಕಾಗುತ್ತಾ?"

ಅದಾದ ಮೇಲೆ ಬಂದ ಬಸ್ಸು ಕೆಳಗಿತ್ತು. ಅದರಾಚೆಯದು ಸರಿಯಾಗಿತ್ತು, ಕಂಡಕ್ಟರು ಇವನನ್ನು ನೋಡಿ ಬಾಗಿಲು ಹಾಕಿಕೊಂಡ! ನಾವು ಗುಬ್ಬಿ ಮುಟ್ಟುವ ಹೊತ್ತಿಗೆ ಹಾಡೆಲ್ಲ ಮುಗಿದು, ಕ್ವಯರಿನವರು ಬಿರಿಯಾನಿ ಮುಂದೆ ಕೂತಿದ್ದರು. ಹೆಣ್ಣಿನ ತಂದೆ ಬಂದು ಇವನ ಕೈ ಹಿಡಿದುಕೊಂಡರು. "ನೀವು ಹಾಡ್ಲೇಬೇಕು ಕಣಪ್ಪ, ನೀವೊಬ್ಬರೇ ಆದ್ರೂ ಸೈ." ನಾನು ಪಕ್ಕದಲ್ಲೇ ಇದ್ದೆ. ರಾಗ ನನ್ನ ಬಾಯಲ್ಲೇ ಇತ್ತು. ನನ್ನ ಕೈ ಯಾರೂ ಹಿಡಿಯಲಿಲ್ಲ. ಆದರೂ ಮಾನ ಬಿಟ್ಟು ಕೇಳಿದೆ, "ನಾನೂ ಬರ್ಲಾ ಅಣ್ಣ?"

"ಬೇಡ, ನೀವು ಊಟ ಮಾಡಿ ಮೇಷ್ಟ್ರೇ, ಬಸ್‌ಸ್ಟ್ಯಾಂಡಲ್ಲಿ ನಿಂತು ದಣಿದಿದೀರಿ."

ಒಬ್ಬನೇ ಸ್ಟೇಜ್ ಹತ್ತಿದ. ಒಬ್ಬನೇ ಹಾಡಿದ. ಏನು ಹಾಡಿದ? ಬೇಸ್! ಬರೀ ಬೇಸ್! ಮೂರು ಚರಣವೂ ಬೇಸ್! ರಾಗ ಹಾಡುವವರು ಯಾರೂ ಇಲ್ಲ ಅನ್ನುವುದು ಅವನ ತಲೆಗೇ ಬರಲಿಲ್ಲ. ಮಧ್ಯೆ ಮಧ್ಯೆ ಹೆಂಗಸರು ಮಾತ್ರ ಹಾಡುವ ಕಡೆ ಬಾಯಿ ಮುಚ್ಚಿಕೊಂಡು, ತಲೆ ಆಡಿಸುತ್ತಾ, ಎಲ್ಲ ಕೇಳಿಸುತ್ತಿದೆ ಅನ್ನುವ ಹಾಗೆ ನಿಂತಿದ್ದ. ಹಾಲ್ ಪೂರ್ತಿ ನಿಶ್ಶಬ್ದ. ನಾನು ಮನಸ್ಸಿನಲ್ಲೇ ಸ್ತೋತ್ರ ಮಾಡಿದೆ: ಸಿಕ್ಕಿಬಿದ್ದ, ಇವತ್ತು ಎಲ್ಲರಿಗೂ ಗೊತ್ತಾಗುತ್ತೆ, ಇವನಿಗೆ ಹಾಡೇ ಬರಲ್ಲ ಅಂತ. ಹಾಡು ಮುಗಿಯಿತು. ಎದ್ದು ನಿಂತು ಚಪ್ಪಾಳೆ! ನನ್ನ ಪಕ್ಕದಲ್ಲಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಕಣ್ಣೊರೆಸಿಕೊಂಡು "ಇದೆಲ್ಲ ಫಾರಿನ್ ಪದ್ಧತಿ ಕಣ್ರೀ, ನಮ್ಮಂಥವರಿಗೆ ಅರ್ಥ ಆಗಲ್ಲ" ಅಂದರು. ಬಿರಿಯಾನಿ ಖಾಲಿಯಾಗಿತ್ತು. ಗಾಯಕರಿಗೆ ಅಂತ ಒಳಗಿಂದ ಎತ್ತಿಟ್ಟ ಡಬ್ಬಿ ಬಂತು. ನನಗೆ ಮೊಸರನ್ನ.

ಅವತ್ತು ಮನೆಗೆ ಬಂದು ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡೆ. "ರೀ, ನಿಮ್ಮ ಹೊಟ್ಟೆ ಮೇಲೆ ಅಕ್ಕಿ ಇಟ್ರೆ ಅನ್ನ ಆಗುತ್ತೆ, ಗ್ಯಾಸಾದ್ರೂ ಉಳಿಯುತ್ತೆ" ಅಂದಳು. ತವರಿನ ಪಕ್ಷಪಾತ, ಇನ್ನೇನು!

ಆಮೇಲೆ ಅವನು ಇನ್ನೂ ಮೇಲೆ ಹೋದ. ಅಂದರೆ ಇನ್ನೂ ಕೆಳಗೆ ಹೋಗಿ ಮೇಲೆ ಹೋದ. ನಾಲ್ಕು ಜನ ಗಂಡಸರು ಸೇರಿ ದೇವರ ಹಾಡು ಹಾಡುವ ಒಂದು ಗಾಸ್ಪೆಲ್ ತಂಡ ಕಟ್ಟಿದರು. ಉಜ್ಜೀವನ ಕೂಟ, ಕನ್ವೆನ್ಷನ್ ಅಂತ ದೊಡ್ಡ ದೊಡ್ಡ ಪ್ರಾರ್ಥನಾ ಸಭೆಗಳು, ಮದುವೆ, ಸಿಡಿ, ಆಮೇಲೆ ಯೂಟ್ಯೂಬ್. ಪಾಪ, ಉಳಿದ ಮೂವರು ಹಾಡಿನ ಉದ್ದಕ್ಕೂ ಎತ್ತು ದುಡಿದ ಹಾಗೆ ದುಡಿಯುತ್ತಾರೆ. ಕೊನೆಯ ಸಾಲಿನಲ್ಲಿ ಮೂವರೂ ನಿಲ್ಲಿಸುತ್ತಾರೆ. ಇವನೊಬ್ಬನೇ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಇಳಿಯುತ್ತಾ ನೆಲಮಾಳಿಗೆಗೆ ಹೋಗಿ "ಆಮೆನ್" ಅನ್ನುತ್ತಾನೆ. ಜನ ಹುಚ್ಚೇಳುತ್ತಾರೆ! ಮಕ್ಕಳು ಕತ್ತು ಎದೆಗೊತ್ತಿ ಅದನ್ನೇ ಅನುಕರಣೆ ಮಾಡುತ್ತವೆ. ನನ್ನ ಸ್ವಂತ ಮಗಳೂ ಮಾಡುತ್ತಾಳೆ, ನನ್ನೆದುರಿಗೇ!

ಹೀಗಿರುವಾಗ ದುಬೈನಲ್ಲಿರುವ ಕನ್ನಡದ ಚರ್ಚಿನವರು ತಂಡವನ್ನು ಕರೆದರು. ಒಂದು ತಿಂಗಳ ಕಾರ್ಯಕ್ರಮ, ವಿಮಾನದ ಟಿಕೆಟ್ಟು, ಹೋಟೆಲ್ಲು ಎಲ್ಲ ಅವರದೇ. ಸುದ್ದಿ ಕೇಳಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ತಿಳಿಯಿತು, ಇವನು ಹೋಗಲ್ಲ ಅಂದನಂತೆ! ಮೂವರೂ ಬಂದು ಕೈ ಮುಗಿದರೂ ಒಪ್ಪಲಿಲ್ಲವಂತೆ. ಮೈಸೂರಿನ ಯಾವನೋ ಬೇಸ್ ಹುಡುಗನನ್ನು ಕರಕೊಂಡು ಹೋದರು. ನಾನು ಬಿಡುತ್ತೇನೆಯೇ, ಹೋಗಿ ಕೇಳಿದೆ.

"ಯಾಕಣ್ಣ ಹೋಗ್ಲಿಲ್ಲ?"

"ಭಾನುವಾರ ಮಧ್ಯಾಹ್ನ ಕುಣಿಗಲ್‌ಗೆ ಹೋಗ್ಬೇಕಲ್ಲ ಮೇಷ್ಟ್ರೇ."

ಇದು ನಿಜ. ಆರಾಧನೆ ಮುಗಿಸಿ, ಊಟ ಮಾಡಿ, ಬಸ್ಸು ಆರಿಸಿ, ಪ್ರತಿ ಭಾನುವಾರವೂ ಇವನು ಅತ್ತೆ ಮನೆಗೆ ಹೋಗಿಬರುತ್ತಾನೆ, ಒಬ್ಬನೇ. ಅಲ್ಲಾ, ಅತ್ತೆ ಮನೆಗೆ ಹೋಗಲು ದುಬೈ ಬಿಟ್ಟವರನ್ನು ಎಲ್ಲಾದರೂ ಕೇಳಿದ್ದೀರಾ? ಅತ್ತೆ ಮಾಡುವ ಮಟನ್ ಸಾರು ನನಗೂ ಗೊತ್ತು, ದುಬೈಗೆ ಸಮ ಅಂತ ಒಪ್ಪಬಹುದು. ಆದರೆ ನಾನು ಹೋದಾಗ ಉಪ್ಪಿಟ್ಟು! "ಸಾರಿಗಾಗಿ ದುಬೈ ಬಿಟ್ಟ ಮಹಾತ್ಮ" ಅಂತ ಕ್ವಯರಿನಲ್ಲೆಲ್ಲ ಹೇಳಿ ನಗಿಸಿದೆ. ವಿಮಾನಕ್ಕೆ ಹೆದರುತ್ತಾನೆ, ಅದರ ಸದ್ದು ಇವನ ಸ್ವರಕ್ಕೆ ಸೇರುವುದಿಲ್ಲ ಅಂತಲೂ ಸೇರಿಸಿದೆ. ಅವನ ಕಿವಿಗೂ ಬಿತ್ತು. ಬಂದು ಬೆನ್ನು ತಟ್ಟಿ "ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ" ಅಂದು ಹೋದ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಕಡೆಗೂ ನನಗೊಂದು ಕಾಲ ಬಂತು. ನಮ್ಮ ಚರ್ಚಿನ ಸುಗ್ಗಿ ಹಬ್ಬದ ದಿನವೇ ಇವನ ತಂಡಕ್ಕೆ ಗುಬ್ಬಿಯಲ್ಲಿ ಕನ್ವೆನ್ಷನ್ ಬಿತ್ತು. ಸುಗ್ಗಿ ಹಬ್ಬ ಅಂದರೆ ಸಣ್ಣದಲ್ಲ. ಕುಂಬಳಕಾಯಿ, ಬಾಳೆಗೊನೆ, ರಾಗಿ ತೆನೆ, ಕೋಳಿ ಎಲ್ಲ ತಂದು ಮುಂದೆ ಇಟ್ಟು, ಚರ್ಚು ಕಿಕ್ಕಿರಿದಿರುತ್ತೆ. ಬೇರೆ ಊರಿಂದಲೂ ಬರುತ್ತಾರೆ. ನಮ್ಮತ್ತೆಯೂ ವರ್ಷ ತಪ್ಪಿಸದೆ ಬಂದು ಮೊದಲನೇ ಸಾಲಿನಲ್ಲಿ ಕೂರುತ್ತಾರೆ. ಬೇಸ್ ಇಲ್ಲದೆ ಕ್ವಯರ್ ಬೋಳಾಗುತ್ತೆ, ಈ ಸಲ ಒಬ್ಬರ ಹಾಡು ಇಡೋಣ ಅಂದರು ಕ್ವಯರ್ ಮಾಸ್ಟರು. ಒಬ್ಬರು ಅಂದರೆ ಯಾರು? ಸುತ್ತ ನೋಡಿ, ಬೇರೆ ದಾರಿ ಕಾಣದೆ, ನನ್ನ ಹೆಸರು ಹೇಳಿದರು.

ನಾನು ಮೊಸರು ಬಿಟ್ಟೆ. ಮಫ್ಲರ್ ಕೂಡ ಸುತ್ತಿಕೊಂಡೆ, ಅವನೊಬ್ಬನಿಗೇ ಬರೆದುಕೊಟ್ಟಿದೆಯೇ ಮಫ್ಲರ್? ಹೊಸ ಜುಬ್ಬ ಹೊಲಿಸಿದೆ. ಹಾಡು ಹೊಸದು, ಮಾಸ್ಟರೇ ಬರೆದದ್ದು, ಮೂರನೇ ಚರಣದಲ್ಲಿ ರಾಗ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಸ್ಟಾಫ್‌ರೂಮಿನಲ್ಲಿ, ಸ್ಕೂಟರಿನ ಮೇಲೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಕ್ಯೂನಲ್ಲಿ, ಎಲ್ಲ ಕಡೆ ಅದೇ ಹಾಡು. ನನ್ನ ಲೆಕ್ಕ ಇಷ್ಟೆ: ಅವನಿಲ್ಲ, ನಾನಿದ್ದೇನೆ, ಅತ್ತೆ ಎದುರಿಗೇ ಇದ್ದಾರೆ. ಇವತ್ತು ಅವರ ಬಾಯಿಂದ ಆ ಮಾತು ಬರದಿದ್ದರೆ ಇನ್ಯಾವತ್ತೂ ಬರುವುದಿಲ್ಲ.

ಹಾಡಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೆ ಕಾಯಲು ನನಗೂ ವಯಸ್ಸಾಯಿತು. ಚೆನ್ನಾಗಿ ಹಾಡಿದೆ! ಮೇಲಿನ ಸ್ವರಕ್ಕೆ ಹೋಗಿ ನಿಂತೆ, ಅಲುಗಾಡಲಿಲ್ಲ. ಪಾದ್ರಿ ಅಯ್ಯನವರು ಕಣ್ಣು ಮುಚ್ಚಿದ್ದರು, ಅವರು ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. ಅತ್ತೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅದೇ ನಗು. ಆರಾಧನೆ ಮುಗಿದು ಹೊರಗೆ ಬಂದ ಮೇಲೆ ಎಷ್ಟೋ ಜನ ಕೈ ಕುಲುಕಿದರು, ಹೆಂಡತಿಯೂ "ಪರವಾಗಿಲ್ವೇ!" ಅಂದಳು. ನಾನು ಎಲ್ಲರನ್ನೂ ದಾಟಿಕೊಂಡು ಅತ್ತೆಯ ಮುಂದೆ ಹೋಗಿ ನಿಂತೆ. ಅವರು ನನ್ನ ತೋಳು ಹಿಡಿದುಕೊಂಡರು. ಬಾಯಿ ತೆರೆದರು.

"ಜುಬ್ಬ ಬಹಳ ಚೆನ್ನಾಗಿದೆ ಅಳಿಯಂದ್ರೇ. ಎಲ್ಲಿ ಹೊಲಿಸಿದ್ರಿ?"

ಸಾಲದ್ದಕ್ಕೆ ಕಾರು ಹತ್ತುವಾಗ ನನ್ನ ಹೆಂಡತಿಗೆ, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು, "ದೊಡ್ಡಳಿಯಂದ್ರು ಇಲ್ದೆ ಹಬ್ಬ ಬಿಕೋ ಅನ್ನಿಸ್ತು ಕಣೇ" ಅಂದರು. ನನಗೆ ಕೇಳಿಸಿತು. ನನ್ನ ಕಿವಿ ಚೆನ್ನಾಗಿಯೇ ಇದೆ.

ಆ ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಜುಬ್ಬ ಬೀರುವಿನ ತಳಕ್ಕೆ ಹೋಯಿತು. ಭಾನುವಾರ ಬಂತು. ಊಟ ಮಾಡಿ ಎದ್ದವನೇ ಹೆಂಡತಿಗೆ "ಕುಣಿಗಲ್‌ಗೆ ಹೋಗ್ಬರ್ತೀನಿ" ಅಂದೆ.

"ಯಾಕ್ರೀ? ಏನ್ ವಿಷ್ಯ?"

"ಕೇಳ್ಬೇಕು. ನಿಮ್ಮಮ್ಮನ್ನ ನೇರವಾಗಿ ಕೇಳ್ಬೇಕು. ನಾನೇನು ಈ ಮನೆಗೆ ಅಳಿಯನೋ, ಜುಬ್ಬ ನೇತುಹಾಕೋ ಗೂಟವೋ ಅಂತ!"

ಅವಳು ನಕ್ಕಳು. ನಾನು ಮೊದಲು ಸಿಕ್ಕ ಬಸ್ಸು ಹತ್ತಿದೆ, ಅದರ ಸ್ವರ ಯಾವುದಾದರೂ ಆಗಲಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವನೂ ಅಲ್ಲೇ ಇರುತ್ತಾನೆ, ಇರಲಿ. ಸಾರು ಹೀರುತ್ತಾ ಕೂತಿರುವವನ ಎದುರಿಗೇ ಕೇಳುತ್ತೇನೆ.

ಮನೆಯ ಗೇಟು ತೆಗೆದಾಗ ನನ್ನ ಭಾಮೈದ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು, ತುಟಿಯ ಮೇಲೆ ಬೆರಳಿಟ್ಟುಕೊಂಡ.

"ತಡೀರಿ ಭಾವ, ಈಗ್ಲೇ ಒಳಗೆ ಹೋಗ್ಬೇಡಿ. ದೊಡ್ಡ ಭಾವ ಹಾಡ್ತಾ ಅವ್ರೆ."

"ನಿಮ್ ದೊಡ್ಡ ಭಾವ ಯಾವಾಗ ಹಾಡಲ್ಲ?" ಅಂದೆ.

"ನಿಮ್ಮ ಹಾಡು ಕಣ್ ಭಾವ."

ಕಿಟಕಿ ತೆರೆದಿತ್ತು. ನೋಡಿದೆ. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಅವನು ಕುರ್ಚಿ ಎಳೆದುಕೊಂಡು ಅವರ ಕಿವಿಯ ಪಕ್ಕದಲ್ಲೇ. ಕೈಯಲ್ಲಿ ಮೊಬೈಲು. ಸುಗ್ಗಿ ಹಬ್ಬದ ದಿನ ನಾನು ಹಾಡಿದ್ದನ್ನು ನನ್ನ ಹೆಂಡತಿ ವಿಡಿಯೊ ಮಾಡಿ ಅಕ್ಕನಿಗೆ ಕಳಿಸಿದ್ದಳು, ಅದೇ ಅದರಲ್ಲಿತ್ತು. ಮೊಬೈಲನ್ನು ತನ್ನ ಕಿವಿಗೆ ಇಟ್ಟುಕೊಂಡು ಒಂದು ಸಾಲು ಕೇಳುತ್ತಾನೆ, ನಿಲ್ಲಿಸುತ್ತಾನೆ. ಆಮೇಲೆ ಅತ್ತೆಯ ಕಡೆ ಬಾಗಿ ಆ ಸಾಲನ್ನು ಹಾಡುತ್ತಾನೆ. ರಾಗ! ಇವನ ಬಾಯಲ್ಲಿ ರಾಗ! ಎಷ್ಟು ಕಷ್ಟಪಡುತ್ತಿದ್ದ ಅಂದರೆ ಹಣೆಯಲ್ಲಿ ಬೆವರು. ನಡುನಡುವೆ ಅಭ್ಯಾಸಬಲದಿಂದ ಬೇಸಿಗೆ ಜಾರಿ, "ಇಲ್ಲ ಇಲ್ಲ ಅತ್ತೆ, ತಪ್ಪಾಯ್ತು, ಅವ್ರು ಹಿಂಗೆ ಹಾಡಿಲ್ಲ, ತಡೀರಿ" ಅಂತ ಮತ್ತೆ ಮೊಬೈಲು ಕಿವಿಗೆ.

ಭಾಮೈದ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಅತ್ತೆಗೆ ಕಿವಿ ಸ್ವಲ್ಪ ಮಂದ ಅಂತ ನಮಗೆಲ್ಲ ಗೊತ್ತಿತ್ತು, ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಆದರೆ ಅದು ಸ್ವಲ್ಪ ಅಲ್ಲವಂತೆ. ಪ್ರಾಯದಲ್ಲಿ ಮಿಲ್ಲಿನ ಮೆಷಿನ್ ಮುಂದೆ ನಿಂತು ವರ್ಷಗಟ್ಟಲೆ ಕೆಲಸ ಮಾಡಿದವರು. ಆ ಕಾಲದಲ್ಲೇ ಹೋಗಿದೆ. ತಗ್ಗಿನ ದನಿ ಹತ್ತಿರದಿಂದ ಬಂದರೆ ಕೇಳುತ್ತೆ, ಮೇಲಿನ ದನಿ ಒಂಚೂರೂ ಇಲ್ಲ. ಹಕ್ಕಿ ಕೂಗು ಕೇಳಿ ಎಷ್ಟೋ ವರ್ಷ ಆಯಿತಂತೆ.

"ನೀವೆಲ್ಲ ಜೋರಾಗಿ ಕೂಗ್ತೀರಾ ಭಾವ. ಕೂಗಿದಷ್ಟೂ ದನಿ ಮೇಲಕ್ಕೋಗುತ್ತೆ. ಅಮ್ಮ ತುಟಿ ನೋಡ್ಕೊಂಡು ನಗ್ತಾರೆ ಅಷ್ಟೆ. ದೊಡ್ಡ ಭಾವ ಹೆಣ್ಣು ನೋಡಕ್ಕೆ ಬಂದಾಗ ಹೂಂ ಅಂದ್ರಲ್ಲ, ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯನ ದನಿ ನೆಟ್ಟಗೆ ಕೇಳಿಸ್ತಂತೆ ಅಮ್ಮಂಗೆ."

"ನಮಗ್ಯಾಕೆ ಹೇಳ್ಲಿಲ್ಲ?"

"ಕಿವುಡಿ ಅನ್ನಿಸ್ಕೊಳ್ಳಕ್ಕೆ ಇಷ್ಟ ಇಲ್ಲ, ಯಾರಿಗೂ ಹೇಳ್ಬ್ಯಾಡ ಅಂದ್ರು. ಕಿವಿಗೆ ಮಿಷನ್ ಹಾಕ್ಸಿದ್ವಿ, ತಲೆಯೊಳಗೆ ಗೊಂಯ್ ಅನ್ನುತ್ತೆ ಅಂತ ತೆಗೆದು ಡಬ್ಬಿಗೆ ಹಾಕವ್ರೆ. ದೊಡ್ಡ ಭಾವನೇ ಪ್ರತಿ ಭಾನುವಾರ ಬಂದು, ಅಯ್ಯನವರು ಕೊಟ್ಟ ಪ್ರಸಂಗ, ಉಪದೇಶ ಎಲ್ಲ ಹೇಳಿ, ಹಾಡು ಕೇಳಿಸಿ ಹೋಗ್ತಾರೆ. ಅವ್ರು ಬರ್ಲಿಲ್ಲ ಅಂದ್ರೆ ಅಮ್ಮಂಗೆ ಆ ವಾರ ಚರ್ಚೇ ಇಲ್ಲ."

"ಮತ್ತೆ ಮಟನ್ ಸಾರು?"

"ಯಾವ್ ಮಟನ್ ಭಾವ? ಊಟ ಮಾಡ್ಕೊಂಡೇ ಬರ್ತಾರೆ. ಬೇಕರಿಯಿಂದ ಒಂದು ಬನ್ನು, ಟೀ, ಅಷ್ಟೆ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ! ನಿಜ ಹೇಳುತ್ತೇನೆ, ಆ ಹೊತ್ತಿನಲ್ಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ. ಇಷ್ಟು ದಿನ ಬಂದದ್ದಕ್ಕಿಂತ ಜಾಸ್ತಿ. ಆ ಕುರ್ಚಿಯಲ್ಲಿ ನಾನು ಕೂರಬಾರದಿತ್ತೇ? ಅವರ ಕಿವಿಗೆ ಮುಟ್ಟುವ ಗಂಟಲನ್ನು ದೇವರು ನನಗೆ ಕೊಡಬಾರದಿತ್ತೇ?

ಒಳಗೆ ಅವನು ಮೂರನೇ ಚರಣಕ್ಕೆ ಬಂದಿದ್ದ. ರಾಗ ಮೇಲಕ್ಕೆ ಹೋಗುವ ಕಡೆ ನಿಂತುಬಿಟ್ಟ.

"ಇಲ್ಲಿ ಬಹಳ ಮೇಲಕ್ಕೋಗ್ತಾರೆ ಅತ್ತೆ. ನನ್ ಕೈಲಿ ಆಗಲ್ಲ. ಕ್ವಯರಲ್ಲಿ ಯಾರ್ ಕೈಲೂ ಆಗಲ್ಲ, ಮೇಷ್ಟ್ರ ಕೈಲೇ ಆಗೋದು. ಹೋಗಿ ಅಲ್ಲೇ ನಿಂತ್ಕೋತಾರೆ. ಅಲುಗಾಡಲ್ಲ."

ಅತ್ತೆ ಹೇಳಿದರು, ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿಯೇ, ಅಂಗಳದವರೆಗೂ ಕೇಳುವ ಹಾಗೆ.

"ಎಷ್ಟು ಚೆನ್ನಾಗಿ ಹಾಡವ್ರೆ ನಮ್ ಚಿಕ್ಕಳಿಯಂದ್ರು! ಪ್ರತಿ ಸಲಾನೂ ಎದುರಿಗೆ ಬಂದು ನಿಂತ್ಕೋತಾರಪ್ಪ, ನಾನೇನಂತೀನೋ ಅಂತ. ಕೇಳಿಸ್ದೇ ಇದ್ದಿದ್ದನ್ನ ಚೆನ್ನಾಗಿತ್ತು ಅಂದ್ರೆ ದೇವರ ಮನೆ ಬಾಗ್ಲಲ್ಲಿ ಸುಳ್ಳು ಹೇಳ್ದಂಗಾಗುತ್ತೆ. ಕೇಳಿಸ್ಲಿಲ್ಲ ಅಂದ್ರೆ ಅವ್ರಿಗೆ ಬೇಜಾರಾಗುತ್ತೆ. ನಾನೇನ್ ಮಾಡ್ಲಿ, ಹೇಳಿ? ಇನ್ನೊಂದ್ ಸಲ ಹಾಡಿ, ಮೊದ್ಲಿಂದ."

ಅವನು ಮೊಬೈಲು ಕಿವಿಗಿಟ್ಟುಕೊಂಡು ಮೊದಲಿಂದ ಶುರು ಮಾಡಿದ. ಎರಡನೇ ಸಾಲಿನಲ್ಲೇ ತಪ್ಪಿದ. ನನಗೆ ಅಳು ತಡೆಯಲಾಗಲಿಲ್ಲ. ಭಾಮೈದನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, ಆ ತಪ್ಪು ರಾಗವನ್ನು ಪೂರ್ತಿ ಕೇಳಿದೆ.